ಕಲಬುರಗಿಯಲ್ಲಿ ಹಸಿರು ಹುಡುಕುವವರಿಗೆ

ಮಲೆನಾಡಿನ ಕಡೆಯಿಂದ ಕಲಬುರಗಿಗೆ ವರ್ಗವಾದವರು ಫೋನ್ ಮಾಡಿದರೆ ಮೊದಲು ಕೇಳುವುದು ಬಿಸಿಲಿನ ಬಗ್ಗೆ. ಆಮೇಲೆ ನೀರು. ಅದಾದ ಮೇಲೆ ಸ್ವಲ್ಪ ತಡವರಿಸಿ, ಕೇಳಬೇಕೋ ಬೇಡವೋ ಅನ್ನುವ ದನಿಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ‘ಅಲ್ಲಿ ಮರ ಗಿಡ ಏನಾದ್ರೂ ಇದ್ಯಾ?’ ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಯಾರು ಬೇಕಾದರೂ ಹೇಳುತ್ತಾರೆ. ಈ ಪ್ರಶ್ನೆಗೆ ಮಾತ್ರ ಎಲ್ಲರೂ ‘ಅಯ್ಯೋ, ಅದನ್ನ ಮರೆತುಬಿಡಿ’ ಅಂತ ನಕ್ಕು ಸುಮ್ಮನಾಗುತ್ತಾರೆ. ಹಾಗಾಗಿ ನಾನು ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಇದೆ. ಆದರೆ ನಮ್ಮೂರಲ್ಲಿ ಇದ್ದ ಹಾಗೆ ಇಲ್ಲ. ಅದು ಎಲ್ಲಿ ಇರುತ್ತದೆ, ಯಾವಾಗ ಬರುತ್ತದೆ, ಯಾರಿಂದ ಉಳಿದಿದೆ ಅನ್ನುವುದು ಗೊತ್ತಿರಬೇಕು.

ನಾನು ಸಾಗರದ ಕಡೆಯವಳು. ಅಲ್ಲಿ ಹಸಿರನ್ನು ಯಾರೂ ಹುಡುಕುವುದಿಲ್ಲ, ಅದೇ ಮನೆಯೊಳಗೆ ಬರುತ್ತದೆ. ಆಷಾಢದ ಹೊತ್ತಿಗೆ ಮೆಟ್ಟಿಲಿಗೆಲ್ಲ ಹಾವಸೆ, ಹೆಂಚಿನ ಮೇಲೆ ಪಾಚಿ, ಬಚ್ಚಲ ಗೋಡೆಯ ಬಿರುಕಿನಲ್ಲಿ ಜರಿಗಿಡ. ಬೇಲಿಗೆ ಅಂತ ಹುಗಿದ ಗೂಟವೂ ಚಿಗುರುತ್ತದೆ. ತೋಟಕ್ಕೆ ಹೋಗುವ ದಾರಿಯನ್ನು ಆಗಾಗ ಸವರದಿದ್ದರೆ ಅಲ್ಲೊಂದು ದಾರಿ ಇತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಹಸಿರನ್ನು ಅಂಗಳದಿಂದ ಒಂದಿಷ್ಟು ದೂರ ಇಡುವುದೇ ಅಲ್ಲಿ ದಿನದ ಕೆಲಸ, ಅದಕ್ಕೇ ನಮ್ಮ ಕಡೆಯವರ ಕೈಯಲ್ಲಿ ಯಾವಾಗಲೂ ಒಂದು ಕತ್ತಿ ಇರುತ್ತದೆ. ಕಲಬುರಗಿಯಲ್ಲಿ ಗಿಡದ ಹತ್ತಿರ ಹೋಗುವವರ ಕೈಯಲ್ಲಿ ಕೊಡ ಇರುತ್ತದೆ. ನನ್ನ ಮಟ್ಟಿಗೆ ಎರಡು ಊರಿನ ನಡುವಿನ ವ್ಯತ್ಯಾಸ ಇಷ್ಟೇ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಕಲಬುರಗಿಗೆ ಸಿಗುವುದು ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಅದೂ ಜೂನ್‌ನಿಂದ ಅಕ್ಟೋಬರ್ ಒಳಗೆ ಬಿದ್ದು ಮುಗಿಯುತ್ತದೆ, ಮಧ್ಯೆ ವಾರಗಟ್ಟಲೆ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಇಂಥ ಕಡೆ ಎಲೆ ಇಟ್ಟುಕೊಳ್ಳುವುದು ಗಿಡಕ್ಕೆ ದುಬಾರಿ. ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದಲ್ಲ. ನಮ್ಮ ಕಡೆಯ ನಿತ್ಯಹರಿದ್ವರ್ಣದ ಮರಗಳು ಆ ಖರ್ಚನ್ನು ವರ್ಷಪೂರ್ತಿ ಮಾಡುತ್ತವೆ, ಯಾಕೆಂದರೆ ಅವಕ್ಕೆ ಕೆಳಗಿಂದ ನೀರು ಸಿಗುತ್ತದೆ. ಇಲ್ಲಿನವು ಲೆಕ್ಕ ಇಟ್ಟು ಬದುಕುತ್ತವೆ. ಬೇಡದಾಗ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತವೆ. ಒಣಗಿ ಹೋಯಿತು ಅಂತ ನಾವು ಅಂದುಕೊಳ್ಳುವ ಮರದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ತಿಳಿ ಹಸಿರು ಕಾಣುತ್ತದೆ.

ಹಾಗಾಗಿ ಇಲ್ಲಿನ ಹಸಿರಿಗೆ ತಿಂಗಳು ಇರುತ್ತದೆ. ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದರೆ ಸಾಕು, ರಸ್ತೆ ಪಕ್ಕದ ಖಾಲಿ ಸೈಟುಗಳೆಲ್ಲ ಹುಲ್ಲಿನಿಂದ ತುಂಬಿಬಿಡುತ್ತವೆ. ಬದುಗಳ ಮೇಲೆ ತಂಗಡಿ ಹಳದಿ ಹೂ ಬಿಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸೀತಾಫಲ ಬುಟ್ಟಿ ಬುಟ್ಟಿ ಪೇಟೆಗೆ ಬರುತ್ತದೆ, ಅದರ ಗಿಡ ನೋಡಬೇಕಾದರೆ ಕಲ್ಲು ಗುಡ್ಡದ ಓರೆಯಲ್ಲೇ ನೋಡಬೇಕು. ಅಕ್ಟೋಬರ್ ಕಳೆದ ಮೇಲೆ ಊರಿನ ಯಾವ ದಿಕ್ಕಿಗೆ ಹೊರಟರೂ ತೊಗರಿ. ಎದೆಮಟ್ಟದ ಗಿಡ, ಮೇಲೆಲ್ಲ ಹಳದಿ ಹೂ, ಕಣ್ಣು ಹಾಯಿಸಿದಷ್ಟು ದೂರ. 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ ಕಲಬುರಗಿ ತೊಗರಿ ಬೇಳೆಯ ಹೆಸರನ್ನು ಎಲ್ಲರೂ ಕೇಳಿರುತ್ತೀರಿ. ಆ ಬೇಳೆ ನಮ್ಮ ಸಾರಿಗೆ ಬೀಳುವ ಮೊದಲು ಇಷ್ಟು ದೊಡ್ಡ ಹಸಿರಾಗಿ ನಿಂತಿರುತ್ತದೆ ಅನ್ನುವುದು ಅಡಿಕೆ ತೋಟದ ನಡುವೆ ಬೆಳೆದವರ ಕಲ್ಪನೆಗೆ ಬರುವುದು ಕಷ್ಟ. ಮಲೆನಾಡಿನಲ್ಲಿ ನಾವು ಹಸಿರನ್ನು ಯಾವತ್ತೂ ಒಳಗಿನಿಂದಲೇ ನೋಡುತ್ತೇವೆ. ದೂರದ ತನಕ ಕಾಣಲು ಜಾಗವೇ ಇರುವುದಿಲ್ಲ. ಇಲ್ಲಿ ಆಕಾಶ ನೆಲ ಮುಟ್ಟುವ ತನಕ ಒಂದೇ ಬೆಳೆ. ಆ ವಿಸ್ತಾರಕ್ಕೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು. ಹೊಂದಿಕೊಂಡ ಮೇಲೆ ಊರಿಗೆ ಹೋದಾಗ ಅಲ್ಲಿನ ಕಾಡೇ ಸ್ವಲ್ಪ ಇಕ್ಕಟ್ಟು ಅನಿಸುವುದೂ ಉಂಟು. ಸತ್ಯವಾಗಿ ಹೇಳುತ್ತಿದ್ದೇನೆ.

ಆಮೇಲೆ ಹಿಂಗಾರಿ. ಇದು ನನಗೆ ಇವತ್ತಿಗೂ ಆಶ್ಚರ್ಯದ ವಿಷಯ. ಮಳೆಗಾಲ ಮುಗಿಯುತ್ತಾ ಬಂದಾಗ ಬಿತ್ತಿದ ಜೋಳ, ಕಡಲೆ, ಕುಸುಬೆ ಆಮೇಲೆ ಹೆಚ್ಚು ಮಳೆಯೇ ಇಲ್ಲದೆ ಬೆಳೆದು ನಿಲ್ಲುತ್ತವೆ. ಅದು ಎರೆಮಣ್ಣಿನ ಕೆಲಸ. ಈ ಕಪ್ಪು ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಮಳೆಗಾಲದ ನೀರನ್ನು ಒಳಗೆ ಹಿಡಿದಿಟ್ಟುಕೊಂಡು ಚಳಿಗಾಲದ ಬೆಳೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಜೋಳಕ್ಕೆ ಆ ತೇವ ಮತ್ತು ಇಬ್ಬನಿಯೇ ಆಧಾರ. ಮಲೆನಾಡಿನ ಕೆಂಪು ಮಣ್ಣು ಅಷ್ಟು ಮಳೆ ಬಿದ್ದರೂ ನಾಲ್ಕು ದಿನ ಬಿಸಿಲು ಬಂದರೆ ಮೇಲೆ ಪುಡಿಯಾಗುತ್ತದೆ. ಇಷ್ಟು ಕಡಿಮೆ ಮಳೆಯ ನಾಡಿನ ಮಣ್ಣು ನೀರನ್ನು ಇಷ್ಟು ಜತನವಾಗಿ ಇಟ್ಟುಕೊಳ್ಳುತ್ತದೆ.

ಸರಿ, ಇದೆಲ್ಲ ಹೊಲದ ಮಾತಾಯಿತು. ಪೇಟೆ ಒಳಗೆ ಏನು?

ಪೇಟೆಯಲ್ಲಿ ಬೇವು. ಬೇರೆ ಎಲ್ಲಕ್ಕಿಂತ ಮೊದಲು ಬೇವು. ಫೆಬ್ರವರಿ ಕೊನೆಗೆ ಎಲೆ ಹಳದಿಯಾಗಿ ಉದುರುತ್ತದೆ. ಆಗ ಹೊಸದಾಗಿ ಬಂದವರಿಗೆ ಎದೆ ಧಸಕ್ ಅನ್ನುತ್ತದೆ, ಇದ್ದದ್ದೂ ಹೋಯಿತಲ್ಲ ಅಂತ. ಸ್ವಲ್ಪ ದಿನ ತಡೆಯಿರಿ. ಯುಗಾದಿಯ ಹೊತ್ತಿಗೆ, ಬಿಸಿಲು ಏರುತ್ತಿರುವಾಗಲೇ, ಒಂದು ಹನಿ ಮಳೆ ಇಲ್ಲದೆ ಮರ ತುಂಬ ಕೆಂಪು ಬೆರೆತ ಚಿಗುರು ಬರುತ್ತದೆ. ಆಳಕ್ಕೆ ಇಳಿದ ಬೇರು ಮೇಲಿನ ಮಣ್ಣಿಗೆ ಗೊತ್ತಿಲ್ಲದ ನೀರನ್ನು ಹುಡುಕಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ಹೂ. ಒಂದು ಹೂವನ್ನು ಅಂಗೈ ಮೇಲೆ ಇಟ್ಟು ನೋಡಿ. ಅಕ್ಕಿ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ, ಐದು ಬಿಳಿ ಎಸಳು, ನಡುವೆ ಸಣ್ಣದೊಂದು ಕೊಳವೆ. ಅದರ ಪರಿಮಳ ಸೂರ್ಯ ಮುಳುಗಿದ ಮೇಲೆ ಬೀದಿ ತುಂಬುತ್ತದೆ. ಕಹಿ ಮರಕ್ಕೆ ಜೇನಿನ ವಾಸನೆ. ದಿನವಿಡೀ ಬಿಸಿಲು ಕಾದ ಗೋಡೆಗಳು ರಾತ್ರಿ ಒಂಬತ್ತರ ತನಕ ಸೆಖೆ ಉಗುಳುತ್ತಿರುವಾಗ ಛಾವಣಿ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದವರಿಗೆ ಆ ವಾಸನೆ ಎಷ್ಟು ದೊಡ್ಡ ಉಪಕಾರ ಅಂತ ಹೇಳಿದರೆ ಅರ್ಥವಾಗಲಿಕ್ಕಿಲ್ಲ, ಒಂದು ಬೇಸಿಗೆ ಇಲ್ಲಿ ಕಳೆಯಬೇಕು.

ಹೊಂಗೆಯೂ ಹಾಗೇ. ಮಾರ್ಚ್ ಕೊನೆಯಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಎಲೆ, ಆಮೇಲೆ ನೆಲಕ್ಕೆ ಹಾಸುವಷ್ಟು ತಿಳಿ ನೇರಳೆ ಬಣ್ಣದ ಹೂ. ಅರಳಿ ಮರ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಅದರ ಎಲೆಯ ತೊಟ್ಟು ಉದ್ದ, ಹಾಗಾಗಿ ಗಾಳಿಯೇ ಇಲ್ಲ ಅನಿಸುವ ಮಧ್ಯಾಹ್ನವೂ ಎಲ್ಲೋ ನಾಲ್ಕು ಎಲೆ ಅಲುಗುತ್ತಲೇ ಇರುತ್ತವೆ. ಏಪ್ರಿಲ್, ಮೇ ಬಂದರೆ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಡುತ್ತದೆ, ಗುಲ್‌ಮೊಹರ್ ಕೆಂಪಾಗುತ್ತದೆ. ಕಡು ಬೇಸಿಗೆಯಲ್ಲೇ ಇಲ್ಲಿನ ಮರಗಳು ಅತಿ ಚೆಂದ. ಮನುಷ್ಯರು ಬಾಗಿಲು ಹಾಕಿಕೊಂಡು ಕೂಲರ್ ಮುಂದೆ ಕೂತಿರುವ ಹೊತ್ತಿನಲ್ಲಿ ಅವಕ್ಕೆ ಹಬ್ಬ.

ನೆರಳಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕರಾವಳಿಯಲ್ಲಿ ಮರದ ಕೆಳಗೆ ನಿಂತರೂ ಬೆವರು ಇಳಿಯುತ್ತಲೇ ಇರುತ್ತದೆ, ಅಲ್ವಾ? ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಇಲ್ಲಿನ ಗಾಳಿ ಒಣ. ಬಿಸಿಲಿನಿಂದ ಬೇವಿನ ಮರದ ಕೆಳಗೆ ಕಾಲಿಟ್ಟ ಕೂಡಲೇ ಮೈಮೇಲಿನ ಬೆವರು ಆರಿ ತಂಪಾಗುತ್ತದೆ. ಬಿಸಿಲಲ್ಲಿ ಒಂದು ಲೋಕ, ನೆರಳಲ್ಲಿ ಇನ್ನೊಂದು. ಒಂದು ಮರದ ನೆರಳಿಗೆ ಇಷ್ಟು ಬೆಲೆ ಇರುವುದು ಒಣ ಊರಲ್ಲೇ. ಅದಕ್ಕೇ ಇಲ್ಲಿ ಬೇವಿನ ಮರದ ಕೆಳಗೆ ಒಂದು ಇಡೀ ಬೀದಿಯ ಜೀವನ ನಡೆಯುತ್ತದೆ. ಚಪ್ಪಲಿ ಹೊಲಿಯುವವರು, ಕಬ್ಬಿನ ಹಾಲಿನ ಗಾಡಿ, ನೀರಿನ ಅರವಟಿಗೆ, ಆಟೋ ನಿಲ್ದಾಣ ಎಲ್ಲ ಒಂದೇ ಮರದ ಸುತ್ತ. ಬೆಳಗ್ಗೆ ಪಶ್ಚಿಮಕ್ಕೆ ಬಿದ್ದ ನೆರಳು ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಸರಿಯುವಾಗ ಇವರೂ ಜೊತೆಗೇ ಸರಿಯುತ್ತಾರೆ. ಹಸಿರು ಎಲ್ಲಿದೆ ಅಂತ ಕೇಳಿದರೆ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಬಂದು ಜನ ಎಲ್ಲಿ ನಿಂತಿದ್ದಾರೆ ನೋಡಿ ಅನ್ನುತ್ತೇನೆ ನಾನು.

ಈಗ ನಮ್ಮ ಅಂಗಳದ ವಿಷಯ. ಇಲ್ಲಿನ ಮನೆಗಳ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಫರಸಿ ಅಂತಾರೆ. ಹತ್ತಿರದ ಶಹಾಬಾದಿನ ಗಣಿಗಳಿಂದ ಬರುವ ಸುಣ್ಣಕಲ್ಲಿನ ಚಪ್ಪಡಿ. ಅಗ್ಗ, ಗಟ್ಟಿ, ತೊಳೆಯಲು ಸುಲಭ. ಮನೆಯೊಳಗೆ ಪಾದಕ್ಕೆ ತಣ್ಣಗೂ ಇರುತ್ತದೆ. ಆದರೆ ಅಂಗಳಕ್ಕೆ, ಗೇಟಿನ ಆಚೆ ರಸ್ತೆ ತನಕ ಹಾಸಿಬಿಟ್ಟರೆ ಮಣ್ಣು ಅನ್ನುವುದೇ ಕಾಣುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ, ಬಿದ್ದ ಮಳೆ ನೀರು ಇಂಗುವುದೂ ಇಲ್ಲ, ಸೀದಾ ಚರಂಡಿಗೆ.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಓಣಿಯವರೆಲ್ಲ ಆಯಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಕುಂಡಗಳನ್ನು ಸಾಲಾಗಿ ಇಟ್ಟು ಬೆಳಗ್ಗೆ ಸಂಜೆ ನೀರು ಹಾಕುವುದನ್ನು ಅವರು ಸುಮಾರು ದಿನ ನೋಡಿದರು. ಒಂದು ದಿನ ಕಾಂಪೌಂಡಿನ ಆಚೆಯಿಂದಲೇ ಹೇಳಿದರು. ‘ಯವ್ವಾ, ಕುಂಡ್ಯಾಗ ಎಷ್ಟಂತ ಜೀವ ಹಿಡೀತೀ. ಒಂದ್ ಫರಸಿ ತೆಗಿ. ಕೆಳಗ ಮಣ್ಣದ. ಮಣ್ಣಿಗಿ ಹಚ್ಚು.’

ಮನೆ ಮಾಲೀಕರನ್ನು ಕೇಳಿದೆ. ಅವರು ಒಪ್ಪಿದರು. ಗೌಂಡಿ ಬಂದು ಗಡಾರಿ ಹಾಕಿ ಗೇಟಿನ ಪಕ್ಕದ ಒಂದು ಚಪ್ಪಡಿ ಎಬ್ಬಿಸಿದ. ಕೆಳಗೆ ಗರಸು, ಸುಣ್ಣದ ಚೂರು, ಒಡೆದ ಇಟ್ಟಿಗೆ. ಅದನ್ನೆಲ್ಲ ತೆಗೆದು ಮೊಣಕಾಲುದ್ದ ಅಗೆದ ಮೇಲೆ ಕಪ್ಪು ಮಣ್ಣು ಬಂತು. ಒದ್ದೆ ಇತ್ತು! ಮೇಲೆ ಬಾಣಲಿಯ ಹಾಗೆ ಕಾದ ಕಲ್ಲು, ಕೆಳಗೆ ಮುದ್ದೆ ಕಟ್ಟಬಹುದಾದಂಥ ತಂಪು ಮಣ್ಣು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಈ ಊರು ನನ್ನದೂ ಹೌದು ಅಂತ ಮೊದಲ ಸಲ ಅನಿಸಿದ್ದು ಆಗ.

ಅಲ್ಲಿ ಹೊಂಗೆ ಸಸಿ ನೆಟ್ಟೆವು. ನೆಡುವ ವಿಧಾನವೂ ಆಯಿಯದೇ. ಬುಡದಿಂದ ಒಂದು ಗೇಣು ದೂರದಲ್ಲಿ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆ ತನಕ ಹುಗಿದು, ಅದಕ್ಕೆ ನೀರು ತುಂಬಿ ಬಾಯಿಗೆ ಮುಚ್ಚಳ ಇಡುವುದು. ಮಡಕೆಯ ಗೋಡೆಯಿಂದ ನೀರು ಜಿನುಗಿ ಬೇರಿಗೆ ಸೇರುತ್ತದೆ. ಮೇಲೆ ಹಾಕಿದ ನೀರಿನ ಹಾಗೆ ಬಿಸಿಲಿಗೆ ಆವಿಯಾಗಿ ಹೋಗುವುದಿಲ್ಲ, ಬೇರೂ ನೀರಿನ ಜಾಡು ಹಿಡಿದು ಕೆಳಕ್ಕೆ ಇಳಿಯುತ್ತದೆ. ಸುಟ್ಟ ಮಣ್ಣಿನ ಮಡಕೆಯೇ ಆಗಬೇಕು, ಮೆರುಗು ಹಾಕಿದ್ದು ನಡೆಯುವುದಿಲ್ಲ. ಬುಡದ ಸುತ್ತ ಒಣ ಎಲೆ ದಪ್ಪಗೆ ಹಾಸಿದರೆ ಇನ್ನೂ ಒಳ್ಳೆಯದು. ‘ಮೂರ್ ಬ್ಯಾಸಗಿ ನೀ ನೋಡ್ಕೋ, ಆಮ್ಯಾಗ ಅದೇ ನಿನ್ನ ನೋಡ್ಕೋತದ’ ಅಂದರು ಆಯಿ. ಅಲ್ಲಿಂದ ಮೇಲೆ ರಸ್ತೆಯಲ್ಲಿ ದೊಡ್ಡ ಮರ ಕಂಡಾಗೆಲ್ಲ ನನಗೆ ಅದರ ಹಿಂದೆ ಒಬ್ಬ ಮನುಷ್ಯ ಕಾಣುತ್ತಾನೆ. ನಮ್ಮೂರಲ್ಲಿ ಮರ ತಾನೇ ಹುಟ್ಟುತ್ತದೆ, ಹಕ್ಕಿ ಉದುರಿಸಿದ ಬೀಜಕ್ಕೆ ಮಳೆ ಸಾಕು. ಇಲ್ಲಿ ಪೇಟೆಯೊಳಗಿನ ಹೆಚ್ಚಿನ ಮರಗಳಿಗೆ ಯಾರೋ ಮೂರು ಬೇಸಿಗೆ ನೀರು ಹೊತ್ತಿದ್ದಾರೆ. ತಮ್ಮ ಮನೆಗೇ ನಲ್ಲಿ ನೀರು ಬಾರದ ದಿನವೂ ಒಂದು ಚೊಂಬು ಉಳಿಸಿ ತಂದಿದ್ದಾರೆ. ಆ ಜನರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ.

ಊರಿಂದ ಗಿಡ ತರುವ ಯೋಚನೆ ಇದ್ದವರಿಗೆ ಹೇಳುತ್ತೇನೆ, ಜರಿಗಿಡ, ಆಂಥೂರಿಯಂ, ಕಾಳುಮೆಣಸಿನ ಬಳ್ಳಿ ತಂದು ಅವಕ್ಕೆ ಹಿಂಸೆ ಕೊಡಬೇಡಿ. ಅವು ಬೇಡುವ ತೇವ ಈ ಗಾಳಿಯಲ್ಲಿ ಇಲ್ಲ. ಕರಿಬೇವು, ನುಗ್ಗೆ, ನಿಂಬೆ, ದಾಸವಾಳ, ಕಣಗಿಲೆ, ಕಾಗದದ ಹೂ, ಮಲ್ಲಿಗೆ ಚೆನ್ನಾಗಿ ಬರುತ್ತವೆ. ನುಗ್ಗೆಯಂತೂ ಕೊಂಬೆ ಊರಿದರೆ ಸಾಕು. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗಲಿ. ಆರ್‌ಓ ಯಂತ್ರದಿಂದ ಹೊರಬೀಳುವ ನೀರಲ್ಲಿ ಲವಣ ಜಾಸ್ತಿ ಇರುತ್ತದೆ, ಅದನ್ನು ಕುಂಡಕ್ಕೆ ದಿನಾ ಹಾಕಿದರೆ ಮಣ್ಣು ಕೆಡುತ್ತದೆ, ನೆಲ ಒರೆಸಲು ಬಳಸಿ.

ಪೇಟೆಯಲ್ಲಿ ಕಾಲಾಡಿಸಲು ಜಾಗ ಬೇಕು ಅಂದರೆ ಬೆಳಗ್ಗೆ ಅಪ್ಪನ ಕೆರೆ. ಶರಣಬಸವೇಶ್ವರ ಗುಡಿಯ ಹತ್ತಿರದ ಈ ಕೆರೆಯ ದಂಡೆಯಲ್ಲಿ ಬೆಳಗಿನ ಗಾಳಿಗೆ ಸ್ವಲ್ಪ ತೇವ ಇರುತ್ತದೆ, ಊರು ನೆನಪಾಗುವಷ್ಟು. ನಗರದ ಹೊರಗೆ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇದೆ. 1980ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು, ದೊಡ್ಡ ಜಾಗ, ನಡೆಯಲು ಚೆನ್ನ. ಪಬ್ಲಿಕ್ ಗಾರ್ಡನ್ ಇದೆ. ಆದರೆ ನನ್ನ ಅನುಭವದಲ್ಲಿ ಉದ್ಯಾನ ಅಂತ ಬೋರ್ಡು ಹಾಕಿದ ಜಾಗಗಳಿಗಿಂತ ಹಳೆಯ ಆವರಣಗಳಲ್ಲೇ ದೊಡ್ಡ ಮರ ಸಿಗುವುದು. ಹಳೆ ಕಾಲೇಜು, ಹಳೆ ಆಸ್ಪತ್ರೆ, ದರ್ಗಾ, ಮಠ, ಸ್ಮಶಾನ, ರೈಲ್ವೆ ಕ್ವಾರ್ಟರ್ಸ್, ಸರ್ಕಾರಿ ಬಂಗಲೆ. ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಅಲ್ಲೆಲ್ಲ ಒಂದು ಬಾವಿ ಇರುತ್ತದೆ ಅಥವಾ ಇತ್ತು, ಕೈಕಾಲು ತೊಳೆದ ನೀರು ಹರಿದು ಹೋಗುವ ಕಡೆ ಮರ ಇರುತ್ತದೆ, ಮತ್ತು ಕಡಿಯುವವರಿಗೆ ಸ್ವಲ್ಪ ಹಿಂಜರಿಕೆ ಇರುತ್ತದೆ. ಒಣ ಊರಲ್ಲಿ ನೀರಿನ ಜಾಡು ಹಿಡಿದು ಹೋದರೆ ಹಸಿರು ಸಿಗುತ್ತದೆ. ಸೋರುವ ನಲ್ಲಿಯ ಕೆಳಗೂ ಒಂದಿಷ್ಟು ಗರಿಕೆ ಇರುತ್ತದೆ, ಬೇಕಾದರೆ ನೋಡಿ.

ಇನ್ನೂ ಒಂದು ಹಸಿರಿದೆ, ಅದು ತಟ್ಟೆಯಲ್ಲಿ. ನಮ್ಮ ಮಲೆನಾಡಿನ ಅಡುಗೆಯಲ್ಲಿ ಕೆಸುವಿನ ಎಲೆ, ಒಂದೆಲಗ, ಬಸಳೆ ಇದ್ದೇ ಇದೆ, ಬೇಯಿಸಿ ರುಬ್ಬಿ ತಂಬುಳಿ ಮಾಡಿ ತಿನ್ನುತ್ತೇವೆ. ಇಲ್ಲಿ ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪನ್ನು ಹಾಗೇ ಕಚ್ಚಿ ತಿನ್ನುತ್ತಾರೆ. ಸಂತೆಗೆ ಹೋದರೆ ಪುಂಡಿ, ರಾಜಗಿರಿ, ಸಬ್ಬಸಗಿ, ಹಕ್ಕರಕಿ, ಕಡಲೆ ಸೊಪ್ಪು. ಎಲ್ಲಕ್ಕೂ ತಪ್ಪಲ ಪಲ್ಯ ಅನ್ನುತ್ತಾರೆ. ಚಳಿಗಾಲದಲ್ಲಿ ಕಡಲೆ ಗಿಡವನ್ನೇ ಕಟ್ಟು ಕಟ್ಟಿ ಬೀದಿಯಲ್ಲಿ ಮಾರುತ್ತಾರೆ, ಹಸಿ ಸುಲಗಾಯಿ ಸುಲಿದು ತಿನ್ನುತ್ತಾ ದಾರಿ ನಡೆಯಬಹುದು. ಜನವರಿ ಕಳೆಯುವ ಹೊತ್ತಿಗೆ ಎಳೆ ಜೋಳದ ತೆನೆ ಸುಟ್ಟ ಸೀತನಿ.

ಕಡಲೆ ಹೊಲಕ್ಕೆ ಒಮ್ಮೆ ನಸುಕಿನಲ್ಲೇ ಹೋಗಿ. ಎಲೆ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ, ಅವು ಹುಳಿ ರಸ ಒಸರುತ್ತವೆ. ಇಬ್ಬನಿ ಬಿದ್ದಾಗ ಎಲೆ ಮುಟ್ಟಿ ಬೆರಳು ನಾಲಗೆಗೆ ಇಟ್ಟರೆ ಚುರ್ ಅನ್ನುತ್ತದೆ. ಹಿಂದೆಲ್ಲ ರಾತ್ರಿ ಬೆಳೆಯ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಅದನ್ನು ಹಿಂಡಿ ಕಡಲೆ ಹುಳಿ ಕೂಡಿಸಿಡುತ್ತಿದ್ದರು. ಹೊಟ್ಟೆ ನೋವಿಗೆ ಮದ್ದು ಅಂತ. ಇಬ್ಬನಿಯನ್ನೂ ಬಿಡದೆ ಬಟ್ಟೆಯಲ್ಲಿ ಹಿಡಿದು ಬಾಟಲಿಗೆ ತುಂಬಿದ ಜನ ಇವರು. ಇವರಿಗೆ ಹಸಿರಿನ ಬೆಲೆ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಎಳ್ಳಮಾವಾಸ್ಯೆಗೆ ಇಲ್ಲೇ ಇರಿ, ಊರಿಗೆ ಓಡಬೇಡಿ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬರುತ್ತದೆ. ಆವತ್ತು ಪೇಟೆ ಅರ್ಧ ಖಾಲಿ. ಹೊಲ ಇದ್ದವರೆಲ್ಲ ಮನೆಮಂದಿ, ನೆಂಟರು, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಕೆಳಗೆ ಕಲ್ಲಿಟ್ಟು ಪೂಜೆ, ಆಮೇಲೆ ಬೆಳೆಯ ನಡುವೆ ನಡೆಯುತ್ತಾ ಚರಗ ಚೆಲ್ಲುವುದು. ಮಾಡಿದ ಅಡುಗೆಯ ಮೊದಲ ಪಾಲು ಭೂಮಿಗೆ. ಊಟಕ್ಕೆ ಸಜ್ಜೆ ರೊಟ್ಟಿ, ಮತ್ತು ಭಜ್ಜಿ. ಈ ಭಜ್ಜಿ ಕರಿದ ತಿಂಡಿ ಅಲ್ಲ, ಆ ಕಾಲಕ್ಕೆ ಸಿಗುವ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಬೇಯಿಸಿದ ಪಲ್ಯ. ಆಯಿಯ ಮಗಳ ಹೊಲದಲ್ಲಿ ಕೂತು, ಒಂದು ಕಡೆ ತೊಗರಿ, ಇನ್ನೊಂದು ಕಡೆ ಜೋಳ, ಆಚೆ ಕಡಲೆ, ಅದನ್ನು ಉಂಡಿದ್ದೇನೆ. ಸುತ್ತ ಎಷ್ಟು ಬಗೆಯ ಹಸಿರಿತ್ತೋ ಅಷ್ಟೂ ತಟ್ಟೆಯಲ್ಲಿತ್ತು.

ಕಾಡೇ ಬೇಕು ಅನಿಸಿದರೆ ಚಿಂಚೋಳಿಗೆ ಹೋಗಿ, ಇದೇ ಜಿಲ್ಲೆ. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆಯಾದ ಕಾಡದು. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ನಿಂತರೆ ಸುತ್ತಲೂ ಗುಡ್ಡ, ನೀರು, ಮರ. ಸೆಪ್ಟೆಂಬರ್‌ನಲ್ಲಿ ಹೋದರೆ ಮಲೆನಾಡಿನವರ ಕಣ್ಣಿಗೂ ತೃಪ್ತಿ. ಆದರೆ ನಾನು ಹೇಳುವುದು ಮಾರ್ಚ್‌ನಲ್ಲೂ ಒಮ್ಮೆ ನೋಡಿ ಅಂತ. ಮುತ್ತುಗ ಒಂದೂ ಎಲೆ ಇಲ್ಲದೆ ಮೈತುಂಬ ಕೆಂಡದ ಬಣ್ಣದ ಹೂ ಹೊತ್ತಿರುವುದನ್ನು ನೋಡಲು ಒಣ ಕಾಡಿಗೇ ಬರಬೇಕು.

ಜಾಲಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಳ್ಳಾರಿ ಜಾಲಿಯ ಮಾತು ಹೇಳುತ್ತಿದ್ದೇನೆ, ನಮ್ಮ ನಾಡಿನ ಕರಿಜಾಲಿಯದ್ದಲ್ಲ. ದೂರದ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಇಲ್ಲಿಗೆ ತಂದ ಗಿಡ. ರೈಲಿನ ಕಿಟಕಿಯಿಂದ ನೋಡುವವರಿಗೆ ಅದೇ ಹಸಿರು ಅನಿಸುತ್ತದೆ. ಸೌದೆಗೆ, ಇದ್ದಿಲಿಗೆ ಬಡವರಿಗೆ ಆಸರೆಯಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ನಿಂತಲ್ಲಿ ಹುಲ್ಲು ಬೆಳೆಯುವುದು ಕಷ್ಟ, ಕೆರೆ ಅಂಗಳ, ಹಳ್ಳದ ದಂಡೆ ಎಲ್ಲ ಅದೇ ನುಂಗಿದೆ.

ಲಾನ್ ಬಗ್ಗೆ ನನಗೆ ಇನ್ನೂ ಖಡಕ್ ಅಭಿಪ್ರಾಯವಿದೆ. ಜನ ಕೊಡ ಹಿಡಿದು ಟ್ಯಾಂಕರ್ ಕಾಯುವ ಊರಲ್ಲಿ ಅದೇ ಟ್ಯಾಂಕರ್ ನೀರು ಹೊಡೆದು ಹುಲ್ಲು ಹಾಸು ಬೆಳೆಸುವುದು, ರಸ್ತೆ ನಡುವೆ ನೆರಳೇ ಕೊಡದ ಅಲಂಕಾರದ ತಾಳೆ ಸಾಲು ನೆಡುವುದು ಸರಿಯಲ್ಲ. ಫೋಟೋದಲ್ಲಿ ಹಸಿರು ಕಾಣುತ್ತದೆ, ಅಷ್ಟೇ. ಅದರ ಕೆಳಗೆ ಒಬ್ಬರೂ ನಿಲ್ಲಲಾಗುವುದಿಲ್ಲ. ಅಷ್ಟೇ ನೀರಿನಲ್ಲಿ ಬೇವು, ಹೊಂಗೆ, ಹುಣಸೆ, ನೇರಳೆ ಬೆಳೆಸಿದರೆ ಮೂರು ಬೇಸಿಗೆಯ ನಂತರ ನೀರೂ ಕೇಳುವುದಿಲ್ಲ.

ಇದ್ದದ್ದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಮುಖ್ಯ. ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸಾಲು ಬೇವಿನ ಮರಗಳಿದ್ದವು. ರಸ್ತೆ ಅಗಲ ಮಾಡಬೇಕು ಅಂತ ಒಂದು ರಾತ್ರಿಯಲ್ಲಿ ಹೋದವು. ಬೆಳಗ್ಗೆ ನೋಡಿದರೆ ರಸ್ತೆ ಮೇಲೆಲ್ಲ ಬೇವಿನ ಎಲೆ, ಗರಗಸದ ಹೊಟ್ಟು, ಮತ್ತು ಚಪ್ಪಲಿ ಹೊಲಿಯುವ ಅಣ್ಣ ಬಿಸಿಲಲ್ಲಿ ಒಂದು ಹರಕು ಛತ್ರಿ ಕಟ್ಟಿಕೊಳ್ಳುತ್ತಿದ್ದರು. ಎಷ್ಟು ಸಂಕಟವಾಯಿತೆಂದರೆ ಆವತ್ತು ಆಫೀಸಿನಲ್ಲಿ ಯಾರ ಜೊತೆಗೂ ಮಾತಾಡಲಾಗಲಿಲ್ಲ. ನಮ್ಮೂರಲ್ಲಿ ಒಂದು ಮರ ಬಿದ್ದರೆ ಅದೇ ಜಾಗದಲ್ಲಿ ನಾಲ್ಕು ಹುಟ್ಟುತ್ತವೆ. ಇಲ್ಲಿ ಆ ಒಂದು ನೆರಳು ಮತ್ತೆ ಬರಲು ಒಬ್ಬರ ಅರ್ಧ ಆಯಸ್ಸು ಬೇಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಮರ ಕಡಿಯಲು ಮೊದಲು ಮರ ಅಧಿಕಾರಿಯ ಅನುಮತಿ ಬೇಕು ಅನ್ನುವುದು ಅದರ ಮುಖ್ಯ ಮಾತು. ನಿಮ್ಮ ಬೀದಿಯ ಮರಕ್ಕೆ ಕೊಡಲಿ ಬಂದಾಗ ಅನುಮತಿ ಪತ್ರ ತೋರಿಸಿ ಅಂತ ನೀವು ಕೇಳಬಹುದು. ಹೊರಗಿನಿಂದ ಬಂದವರು ನಮಗ್ಯಾಕೆ ಅಂತ ಸುಮ್ಮನಿರಬೇಡಿ. ಆ ಮರದ ಕೆಳಗೆ ನಿಂತು ಬೆವರು ಆರಿಸಿಕೊಂಡಿದ್ದೀವಲ್ಲ, ಅಷ್ಟು ಸಾಕು ಕೇಳಲಿಕ್ಕೆ.

ಊರಿನ ನೆನಪು ಬರುವುದಿಲ್ಲವೇ ಅಂದರೆ ಬರುತ್ತದೆ. ಜುಲೈನಲ್ಲಿ ಜಾಸ್ತಿ. ಫೋನಿನಲ್ಲಿ ಅಮ್ಮ ‘ಮಳೆ ಹಿಡ್ಕೊಂಡಿದೆ, ಬಟ್ಟೆ ಒಣಗ್ತಾನೇ ಇಲ್ಲ’ ಅಂದಾಗ ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸುತ್ತದೆ. ಆಗ ಇಲ್ಲಿನ ಯಾವ ಬೇವೂ ಹೊಂಗೆಯೂ ಆ ಸದ್ದಿಗೆ ಸಾಟಿಯಾಗುವುದಿಲ್ಲ. ಒಂದಕ್ಕೆ ಇನ್ನೊಂದು ಬದಲಿ ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಇಟ್ಟುಕೊಂಡು ಬದುಕಬಹುದು ಅಂತ ಹೇಳುತ್ತಿದ್ದೇನೆ.

ವರ್ಗದ ಆದೇಶ ಸಾಮಾನ್ಯವಾಗಿ ಮೇ, ಜೂನ್‌ನಲ್ಲಿ ಬರುತ್ತದೆ. ಎಲ್ಲರೂ ಊರನ್ನು ಅತಿ ಕಷ್ಟದ ತಿಂಗಳಲ್ಲಿ ನೋಡಿ ಹೆದರುವುದು ಅದಕ್ಕೇ. ಆಗುವುದಾದರೆ ನವೆಂಬರ್, ಡಿಸೆಂಬರ್‌ನಲ್ಲಿ ಒಮ್ಮೆ ಬಂದು ಹೋಗಿ. ಮನೆ ನೋಡುವಾಗ ಪಶ್ಚಿಮದ ಗೋಡೆಗೆ ಮರ ಇದೆಯೇ ಅಂತ ನೋಡಿ, ಮಧ್ಯಾಹ್ನದ ನಂತರದ ಬಿಸಿಲು ಅಲ್ಲಿಂದಲೇ ಬರುವುದು. ಅದು ಇದ್ದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿಯಿರಿ. ಮರ ಇಲ್ಲದಿದ್ದರೆ ಒಂದು ಚಪ್ಪಡಿ ತೆಗೆಯಲು ಬಿಡುತ್ತೀರಾ ಅಂತ ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ. ಸಸಿ ನೆಡಲು ಬೇಸಿಗೆಯಲ್ಲಿ ಆತುರ ಬೇಡ, ಮುಂಗಾರಿನ ಎರಡು ಹದವಾದ ಮಳೆ ಆಗಲಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ.

ನಮ್ಮ ಹೊಂಗೆ ಈಗ ಗೇಟಿಗಿಂತ ಎತ್ತರ ಬೆಳೆದಿದೆ. ಈ ಮಳೆಗಾಲಕ್ಕೆ ರಸ್ತೆ ಕಡೆಯ ಇನ್ನೊಂದು ಫರಸಿ ತೆಗೆಯೋಣ ಅಂತ ಓಣಿಯಲ್ಲಿ ಮಾತಾಗಿದೆ, ಎದುರು ಮನೆಯವರೂ ನೀರು ಹಾಕಲು ಒಪ್ಪಿದ್ದಾರೆ. ನಾನು ನೇರಳೆ ಅನ್ನುತ್ತಿದ್ದೇನೆ, ಮಕ್ಕಳಿಗೆ ಹಣ್ಣಾಗುತ್ತದೆ ಅಂತ. ಆಯಿ ಮಾತ್ರ ಬೇವೇ ಆಗಬೇಕು ಅಂತ ಕೂತಿದ್ದಾರೆ.